ಸ್ಪಿನ್ ಶುರುವಾದಾಗ ಸುಟ್ಟ ವಾಸನೆ: ಮೋಟಾರೇ ಹೋಗಿದೆಯಾ?

ಬಟ್ಟೆಬರೆ:

ನಮ್ಮದು ಫ್ರಂಟ್ ಲೋಡ್ ಮೆಷಿನ್, 7 ಕೆಜಿಯದು, ಹಳೆಯದು. ಈಚೆಗೆ ಸುಟ್ಟ ವಾಸನೆ ಬರ್ತಿದೆ. ಟವೆಲ್, ಹೊದಿಕೆ ಹಾಕಿದ್ರೆ ಬಂದೇ ಬರುತ್ತೆ. ತೆಳು ಬಟ್ಟೆ ಇದ್ರೆ ಒಮ್ಮೊಮ್ಮೆ ಬರುತ್ತೆ, ಒಮ್ಮೊಮ್ಮೆ ಇಲ್ಲ. ಹೊಗೆ ಕಂಡಿಲ್ಲ, ಎಂಸಿಬಿ ಬಿದ್ದಿಲ್ಲ. ಬಟ್ಟೆ ಏನೋ ಒಗೆದು ಕೊಡುತ್ತೆ, ಆದ್ರೆ ಹಿಂಡೋದು ಸಾಲದು, ಹೊರಗೆ ತೆಗೆದಾಗ ನೀರು ತೊಟ್ಟಿಕ್ಕುತ್ತಾ ಇರುತ್ತೆ.

ರಿಪೇರಿಯವರು ಬಂದ್ರು. ಬಾಗಿಲು ತೆಗೆದು ಒಂದು ಸಲ ಮೂಸಿ, "ಮೋಟಾರ್ ಸುಟ್ಟಿದೆ, ಬದಲಾಯಿಸಿ, ಇಲ್ಲಾಂದ್ರೆ ಹೊಸ ಮೆಷಿನ್ನೇ ತಗೊಳ್ಳಿ" ಅಂದ್ರು. ಹಿಂದಿನ ತಗಡನ್ನ ಬಿಚ್ಚಲೂ ಇಲ್ಲ. ಬರೀ ಮೂಗಲ್ಲೇ ಮೋಟಾರ್ ಪರೀಕ್ಷೆ ಮಾಡಿದ್ದು ನನಗೆ ಸಮಾಧಾನ ಆಗ್ಲಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದ್ದೀನಿ. ಸ್ಪ್ಯಾನರ್ ಹಿಡಿಯೋಕೆ ನನಗೇನೂ ಭಯ ಇಲ್ಲ, ಡ್ರಿಲ್ಲಿಂಗ್ ಮೆಷಿನ್‌ನ ಕಾರ್ಬನ್ ಬ್ರಶ್ ನಾನೇ ಬದಲಾಯಿಸಿದ್ದೀನಿ. ಮೊದಲು ಏನು ನೋಡ್ಲಿ, ಆಮೇಲೆ ಏನು ನೋಡ್ಲಿ, ಹೇಳಿ.

ವೋಲ್ಟ್‌ಮೀಟರ್:

ಕಾರಣ ಗೊತ್ತಾಗುವ ತನಕ ಮೆಷಿನ್ ಓಡಿಸಬೇಡಿ. ಓಡಿಸಿಟ್ಟು ಹೊರಗೆ ಹೋಗುವುದಂತೂ ಬೇಡವೇ ಬೇಡ.

ಮೆಷಿನ್ ಬಿಚ್ಚುವ ಮೊದಲು ಪ್ಲಗ್ ನೋಡಿ. ಬಿಸಿನೀರಿನ ಪ್ರೋಗ್ರಾಂನಲ್ಲಿ ಹೀಟರ್ ಒಂದೇ ಸುಮಾರು 2000 ವ್ಯಾಟ್ ಎಳೆಯುತ್ತದೆ. 230 ವೋಲ್ಟ್‌ಗೆ ಲೆಕ್ಕ ಹಾಕಿದರೆ ಎಂಟೂವರೆ ಆಂಪ್‌ಗೂ ಜಾಸ್ತಿ. ತೆಳ್ಳನೆಯ ಎಕ್ಸ್‌ಟೆನ್ಷನ್ ಬಾಕ್ಸ್‌ಗೋ ಸಡಿಲವಾದ ಸಾಕೆಟ್‌ಗೋ ಸಿಕ್ಕಿಸಿದ್ದರೆ ಸುಡುವುದು ಮೆಷಿನ್ ಅಲ್ಲ, ಪಿನ್. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಿನ್ನಿನ ಬುಡ ಕಂದಿದೆಯಾ, ಸಾಕೆಟ್ ತೂತಿನ ಸುತ್ತ ಪ್ಲಾಸ್ಟಿಕ್ ಉಬ್ಬಿದೆಯಾ ನೋಡಿ. ಈ ವಾಸನೆ ಗೋಡೆ ಕಡೆಯಿಂದ ಬರುತ್ತದೆ, ಡ್ರಮ್ಮಿನಿಂದಲ್ಲ.

ಹೊಗೆ ಕಂಡರೆ ಪ್ಲಗ್ಗಿಗೆ ಕೈ ಹಾಕಬೇಡಿ, ಮೇನ್ ಆರಿಸಿ. ನೀರು ಎರಚಬೇಡಿ.

ಹಳೇ ಸ್ಪ್ಯಾನರ್:

ಪ್ಲಗ್ ಮಾತು ಸರಿ. ಅದು ಚೆನ್ನಾಗಿದ್ರೆ ಮುಂದೆ ಓದಿ.

ಮೇಡಂ, ಸುಟ್ಟ ವಾಸನೆ ಅಂತ ಒಂದೇ ಮಾತಲ್ಲಿ ಹೇಳಿದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಎಂಥ ವಾಸನೆ, ಪ್ರೋಗ್ರಾಂನ ಯಾವ ಹೊತ್ತಲ್ಲಿ ಬರುತ್ತೆ, ಎರಡನ್ನೂ ಕೂಡಿಸಿ ಹೇಳಿ. ರಬ್ಬರ್ ಸುಟ್ಟ ವಾಸನೆ, ಅದೂ ಸ್ಪಿನ್ ಏರೋವಾಗ ಬಂದ್ರೆ, ಬೆಲ್ಟ್. ವಾರ್ನಿಷ್ ಥರ ಮೂಗಿಗೆ ಹೊಡೆಯೋ ವಾಸನೆ, ಮೆಷಿನ್ ಆರಿ ತಣ್ಣಗಾದ ಮೇಲೂ ಹಿಂದುಗಡೆ ಉಳ್ಕೊಂಡಿದ್ರೆ, ಆಗ ಮೋಟಾರ್ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಮೇಲೆ ಅನುಮಾನ ಪಡಿ. ನೀರು ಹೊರಗೆ ಹೋಗೋ ಹೊತ್ತಲ್ಲಿ, ಮುಂದುಗಡೆ ಕೆಳಗಿಂದ ವಾಸನೆ ಜೊತೆ ಗುಂಯ್ ಅನ್ನೋ ಸದ್ದು ಬಂದ್ರೆ ಡ್ರೈನ್ ಪಂಪಲ್ಲಿ ಗುಂಡಿನೋ ನಾಣ್ಯನೋ ಸಿಕ್ಕಿರುತ್ತೆ. ನೀರು ಕಾಯೋವಾಗ ಮಾತ್ರ ಬಂದ್ರೆ ಹೀಟರ್ ಸುತ್ತಮುತ್ತ, ಅಥವಾ ಅದರ ವೈರ್ ಕೂರೋ ಟರ್ಮಿನಲ್ ಸಡಿಲ.

ನಿಮಗೆ ಹಿಂಡಿಕೆ ಕಮ್ಮಿ ಆಗಿದೆ, ಭಾರ ಹಾಕಿದಾಗ ವಾಸನೆ ಜಾಸ್ತಿ. ನನ್ನ ಕಣ್ಣು ಬೆಲ್ಟ್ ಮೇಲಿದೆ. ಮೋಟಾರ್ ತಿರುಗುತ್ತೆ, ಡ್ರಮ್ ಅಷ್ಟು ಬೇಗ ತಿರುಗಲ್ಲ, ನಡುವೆ ಬೆಲ್ಟ್ ಜಾರಿ ಕಾಯುತ್ತೆ. ಮೋಟಾರೇ ಸುಟ್ಟಿದ್ರೆ ಇಷ್ಟು ದಿನ ಒಗೆದು ಕೊಡ್ತಿರಲಿಲ್ಲ.

ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಬೋರ್ಡಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ನಲ್ಲಿ ಮುಚ್ಚಿ. ಮುಂದುಗಡೆ ಕೆಳಗಿನ ಫಿಲ್ಟರಿಂದ ನೀರು ಪೂರ್ತಿ ಇಳಿಸಿ, ಇನ್ನೊಬ್ಬರ ಕೈ ಸೇರಿಸಿ ಮೆಷಿನ್ನನ್ನ ಗೋಡೆಯಿಂದ ಈಚೆ ಎಳೀರಿ. ಆಮೇಲೆ ಹಿಂದಿನ ತಗಡು ಬಿಚ್ಚಿ ಇಷ್ಟು ಹೇಳಿ: ತಗಡಿನ ಒಳಮೈಯಲ್ಲಿ ಕಪ್ಪು ಪುಡಿ ಇದೆಯಾ? ಬೆಲ್ಟಿನ ಗೀರುಗಳು ಹೊಳೀತಿವೆಯಾ? ಬೆಲ್ಟ್ ತೆಗೆದು ಡ್ರಮ್ಮನ್ನ ಕೈಯಲ್ಲಿ ತಿರುಗಿಸಿದ್ರೆ ಹೇಗೆ ತಿರುಗುತ್ತೆ? ಬೆಲ್ಟ್ ಇಲ್ಲದಾಗ ಮೋಟಾರಿನ ಚಿಕ್ಕ ಪುಲ್ಲಿ ಸರಾಗ ಇದೆಯಾ?

ಕಾರ್ಬನ್ ಬ್ರಶ್ ಇರೋ ಮೋಟಾರನ್ನ ಹೊರಗೆ ತೆಗೆದು ನೇರ ಕರೆಂಟ್ ಕೊಟ್ಟು ಪರೀಕ್ಷೆ ಮಾಡೋ ವಿಡಿಯೋಗಳಿವೆ. ಅವನ್ನ ನೋಡಿ ಹಾಗೆ ಮಾಡೋಕೆ ಹೋಗ್ಬೇಡಿ. ಭಾರ ಇಲ್ಲದೆ ಅದು ಹುಚ್ಚು ವೇಗಕ್ಕೆ ಏರುತ್ತೆ.

ಹೊಸದು ತಗೊಳ್ಳಿ:

ಹಳೇ ಮೆಷಿನ್, ಹಿಂಡಲ್ಲ, ವಾಸನೆ. ಇದು ಬೇರಿಂಗ್. ಈಗಿನ ಟಬ್‌ಗಳು ಎಷ್ಟೋ ಬೆಸುಗೆ ಹಾಕಿದ್ದು, ಬೇರಿಂಗ್‌ಗೋಸ್ಕರ ಇಡೀ ಟಬ್ ಬದಲಾಯಿಸ್ಬೇಕು. ಸುಮ್ಮನೆ ಸಮಯ ಹಾಳು. ಬದಲಾಯಿಸಿ.

ಬಟ್ಟೆಬರೆ:

ಬಿಚ್ಚಿದೆ. ಪ್ಲಗ್, ಸಾಕೆಟ್ ಎರಡೂ ಹೊಸದರ ಹಾಗಿವೆ, ಕಲೆ ಇಲ್ಲ.

ತಗಡಿನ ಒಳಗೆ, ಸರಿಯಾಗಿ ದೊಡ್ಡ ಪುಲ್ಲಿಯ ಎದುರಿಗೆ, ಬೆರಳಲ್ಲಿ ಒರೆಸಿದ್ರೆ ಮೆತ್ತಿಕೊಳ್ಳೋ ಕಪ್ಪು ಪುಡಿ. ಬೆಲ್ಟಿನ ಒಳಗೀರುಗಳು ಗಾಜಿನ ಥರ ಹೊಳೀತಿವೆ, ಅಂಚಿನ ಒಂದು ಗೀರು ಎಳೆ ಎಳೆಯಾಗಿ ಕಿತ್ತಿದೆ. ಬೆನ್ನ ಮೇಲೆ 1270 ಜೆ5 ಅಂತ ಮಾಸಿದ ಅಕ್ಷರ. ಮೋಟಾರಿನ ಚಿಕ್ಕ ಪುಲ್ಲಿ ಸದ್ದಿಲ್ಲದೆ ತಿರುಗುತ್ತೆ, ಅದರ ಹತ್ತಿರ ಮೂಗಿಟ್ರೂ ವಾಸನೆ ಇಲ್ಲ.

ಡ್ರಮ್ ಮಾತ್ರ ವಿಚಿತ್ರ. ಸಲೀಸಾಗಿ ತಿರುಗುತ್ತಾ ಬಂದು ಒಂದು ಜಾಗದಲ್ಲಿ ಹಿಡಿದ ಹಾಗಾಗುತ್ತೆ, ಸರ್ ಅಂತ ಮೆತ್ತಗೆ ಉಜ್ಜೋ ಸದ್ದು, ಮತ್ತೆ ಬಿಡುತ್ತೆ. ಪ್ರತಿ ಸುತ್ತಿಗೂ ಹೀಗೇ.

ಇನ್ನೊಂದು. ನೀವು ವಾಸನೆ ಬೇರೆ ಬೇರೆ ಅಂದ ಮೇಲೆ ನೆನಪಾಯ್ತು. 60 ಡಿಗ್ರಿ ಹಾಕಿದಾಗ ಸ್ಪಿನ್‌ಗೆ ಮೊದಲೇ ಒಂದು ವಾಸನೆ ಬರುತ್ತೆ, ಅದು ರಬ್ಬರಿನದಲ್ಲ. ಇಸ್ತ್ರಿ ಪೆಟ್ಟಿಗೆ ತಗುಲಿ ಬಟ್ಟೆ ಕಂದಿದಾಗ ಬರೋ ಥರದ್ದು.

ಹಳೇ ಸ್ಪ್ಯಾನರ್:

ಈ ಕೊನೇ ಸಾಲು ಲಕ್ಷ ಬೆಲೆಯದು. ನಿಮ್ಮಲ್ಲಿ ಇರೋದು ಎರಡು ವಾಸನೆ. ಬೆಲ್ಟ್ ಜಾರ್ತಿದೆ, ಅದು ಖಾತ್ರಿ ಆಯ್ತು. ಆದ್ರೆ ಬರೀ ಬೆಲ್ಟ್ ಹಾಕಿ ಮುಚ್ಚಿಬಿಟ್ರೆ ಸ್ವಲ್ಪ ದಿನಕ್ಕೆ ಅದೂ ಹೊಳೆಯೋಕೆ ಶುರುವಾಗುತ್ತೆ. ಡ್ರಮ್ಮನ್ನ ಏನೋ ಹಿಡೀತಿದೆ.

ಬೇರಿಂಗ್ ಅಂದವರಿಗೆ: ಬೇರಿಂಗ್ ಹೋಗಿದ್ರೆ ಸಾಮಾನ್ಯವಾಗಿ ಸುತ್ತು ಪೂರ್ತಿ ಗರಗರ ಅನ್ನುತ್ತೆ, ವೇಗ ಏರಿದಷ್ಟೂ ಸದ್ದು ಏರುತ್ತೆ. ಮೇಡಂ, ಅನುಮಾನ ಇದ್ರೆ ಬಾಗಿಲು ತೆಗೆದು ಡ್ರಮ್ಮಿನ ಬಾಯಂಚು ಹಿಡಿದು ಮೇಲೆ ಎತ್ತಿ ನೋಡಿ. ಬಾಗಿಲ ಸುತ್ತಲಿನ ರಬ್ಬರ್, ಹೊರಟಬ್ಬು ಎಲ್ಲಾ ಜೊತೆಗೇ ಎದ್ದರೆ ಬೇರಿಂಗ್ ಗಟ್ಟಿ ಇದೆ. ಡ್ರಮ್ ಮಾತ್ರ ಕಟಕ್ ಅಂತ ಆಡಿದ್ರೆ ಬೇರಿಂಗ್ ಸವೆದಿದೆ. ಹಿಂದೆ ಪುಲ್ಲಿ ಕೆಳಗೆ ಟಬ್ಬಿನ ಮೇಲೆ ತುಕ್ಕಿನ ನೀರು ಇಳಿದ ಗೆರೆ ಇದ್ರೂ ಸವೆದಿದೆ ಅಂತಲೇ ಅರ್ಥ. ಸುತ್ತಿಗೊಂದು ಸಲ, ಅದೂ ಮೆತ್ತಗೆ ಉಜ್ಜೋದು ಬೇರೆ ಕಥೆ. ಒಳಡ್ರಮ್ಮಿಗೂ ಹೊರಟಬ್ಬಿಗೂ ನಡುವೆ ಏನೋ ಬಿದ್ದಿದೆ. ಡ್ರಮ್ಮಿನ ಬೆಸುಗೆ ಗೆರೆ ಅದರ ಮೇಲೆ ಹಾದಾಗೆಲ್ಲ ಹಿಡಿಯುತ್ತೆ.

ಬೀಳೋದು ಹೇಗೆ ಅಂತ ಕೇಳ್ತೀರಿ. ತುಂಬಾ ತುರುಕಿದಾಗ ಚಿಕ್ಕ ಬಟ್ಟೆ ಬಾಗಿಲ ರಬ್ಬರಿಗೂ ಡ್ರಮ್ಮಿಗೂ ನಡುವಿನ ಸಂದಿಗೆ ನುಸುಳುತ್ತೆ. ತಳದಲ್ಲಿ ಹೋಗಿ ಕೂರೋದು ಹೀಟರ್ ಹತ್ತಿರವೇ. ನಿಮ್ಮ ಇಸ್ತ್ರಿ ವಾಸನೆ ಅಲ್ಲಿಂದ ಬಂದಿರ್ಬೇಕು.

ಡ್ರಮ್ಮಿನ ತೂತುಗಳಲ್ಲಿ ಟಾರ್ಚ್ ಬಿಟ್ಟು ನಿಧಾನ ತಿರುಗಿಸಿ ನೋಡಿ. ತೆಗೆಯೋದು ಹೀಟರ್ ತೂತಿಂದ. ನೀರು ಇಳಿಸಿದ್ದೀರಲ್ಲ? ಕೆಲವು ಮೆಷಿನ್‌ಗಳಲ್ಲಿ ಹೀಟರ್ ಮುಂದುಗಡೆ ಇರುತ್ತೆ. ಹಿಂದೆ ಇದ್ರೆ ಪುಲ್ಲಿ ಕೆಳಗೆ ಎರಡು ದಪ್ಪ ವೈರ್, ನಡುವೆ ಒಂದು ಅರ್ತ್ ವೈರ್, ಪಕ್ಕದಲ್ಲಿ ಸಣ್ಣ ಸೆನ್ಸರ್ ವೈರ್ ಕಾಣುತ್ತೆ. ವೈರ್ ಕೀಳೋ ಮೊದಲು ಫೋಟೋ ಹೊಡೀರಿ. ನಡುವಿನ ನಟ್ಟನ್ನ ಪೂರ್ತಿ ತೆಗೀಬೇಡಿ, ಬೋಲ್ಟಿನ ತುದಿವರೆಗೆ ಸಡಿಲಿಸಿ ಸಾಕು. ಆಮೇಲೆ ಬೋಲ್ಟನ್ನ ಒಳಕ್ಕೆ ಮೆಲ್ಲಗೆ ತಟ್ಟಿ. ಹಿಗ್ಗಿದ್ದ ರಬ್ಬರ್ ಗ್ಯಾಸ್ಕೆಟ್ ಆಗ ಕುಗ್ಗುತ್ತೆ, ಅಲ್ಲಾಡಿಸ್ತಾ ಅಲ್ಲಾಡಿಸ್ತಾ ಹೊರಗೆ ಎಳೀರಿ. ಸ್ಕ್ರೂಡ್ರೈವರ್ ತುರುಕಿ ಮೀಟಿದ್ರೆ ಟಬ್ ಸೀಳುತ್ತೆ.

ಬಟ್ಟೆಬರೆ:

ಸಿಕ್ತು! ಕಾಲುಚೀಲ. ಮಗುವಿನದು, ಮೊದಲು ನೀಲಿ ಇದ್ದಿರಬೇಕು. ಹೀಟರ್ ಹೊರಗೆ ಬರ್ತಾ ಅದರ ಬಾಗಿದ ತುದಿಗೆ ಸುತ್ತಿಕೊಂಡೇ ಬಂತು. ಒಂದು ಮಡಿಕೆ ಕಂದು ಬಣ್ಣಕ್ಕೆ ತಿರುಗಿ ಗರಿಗರಿ ಆಗಿದೆ, ಅದರ ಎಲಾಸ್ಟಿಕ್ ಕರಗಿ ಹೀಟರ್ ಕಡ್ಡಿಗೆ ಅಂಟಿದೆ. ಉಳಿದ ಭಾಗ ನೂಲು ನೂಲು. ಹೀಟರ್ ಮೈಮೇಲೆ ಸುಣ್ಣದ ಪೊರೆ, ಉಗುರಲ್ಲಿ ಕೆರೆದ್ರೆ ಚಕ್ಕೆ ಏಳುತ್ತೆ. ತೂತಲ್ಲಿ ಕೈ ಹಾಕಿ ತಡಕಿದೆ, ಒಂದು ಹಿಡಿ ಜುಂಗು ಬಿಟ್ರೆ ಬೇರೇನೂ ಇಲ್ಲ. ಈಗ ಡ್ರಮ್ ಎಲ್ಲೂ ಹಿಡಿಯಲ್ಲ, ಒಂದು ಸಲ ತಳ್ಳಿದ್ರೆ ತಾನಾಗೇ ಸುತ್ತಿ ನಿಲ್ಲುತ್ತೆ. ಬಾಯಂಚು ಎತ್ತಿಯೂ ನೋಡಿದೆ, ಕಟಕ್ ಇಲ್ಲ.

ಹೀಟರ್ ಹೊಸದು ಬೇಕಾ?

ವೋಲ್ಟ್‌ಮೀಟರ್:

ಮಲ್ಟಿಮೀಟರ್ ಇದ್ದರೆ ವೈರ್ ಬಿಚ್ಚಿರುವಾಗಲೇ ಅಳೆಯಿರಿ. 2000 ವ್ಯಾಟ್ ಹೀಟರ್ ಆದರೆ ಎರಡು ತುದಿಗಳ ನಡುವೆ ಸುಮಾರು 26 ಓಮ್ ಬರಬೇಕು. ಯಾವುದೇ ತುದಿಗೂ ಹೀಟರಿನ ಲೋಹದ ಮೈಗೂ ನಡುವೆ ಮೀಟರ್ ಏನನ್ನೂ ತೋರಿಸಬಾರದು. ತೋರಿಸಿದರೆ ಕರೆಂಟ್ ಸೋರುತ್ತಿದೆ ಎಂದರ್ಥ, ಎಸೆಯಿರಿ. ಕಡ್ಡಿ ಉಬ್ಬಿದ್ದರೆ, ಸೀಳಿದ್ದರೆ ಅಳೆಯುವ ಗೊಡವೆಯೂ ಬೇಡ.

ಹಳೇ ಸ್ಪ್ಯಾನರ್:

ಅಳತೆ ಸರಿ ಬಂದ್ರೆ ಅದೇ ಹೀಟರ್ ಹಾಕಿ. ಕರಗಿ ಅಂಟಿರೋದನ್ನ ಮರದ ಚೂರಲ್ಲಿ ಬಿಡಿಸಿ. ಸುಣ್ಣಕ್ಕೆ ಸಿಟ್ರಿಕ್ ಆಸಿಡ್ ಕದಡಿದ ಬಿಸಿನೀರಲ್ಲಿ ಕಡ್ಡಿಗಳನ್ನ ಮಾತ್ರ ಅದ್ದಿಡಿ, ಟರ್ಮಿನಲ್ ಮುಳುಗಬಾರದು. ಚಾಕು, ಉಪ್ಪುಕಾಗದ ಬೇಡ.

ವಾಪಸ್ ಹಾಕೋವಾಗ ಒಂದು ಜಾಗದಲ್ಲಿ ತುಂಬಾ ಜನ ಎಡವ್ತಾರೆ. ಟಬ್ಬಿನ ಒಳಗೆ ತಳದಲ್ಲಿ ಒಂದು ತಗಡಿನ ಕ್ಲಿಪ್ ಇರುತ್ತೆ, ಹೀಟರಿನ ಬಾಗಿದ ತುದಿ ಅದರೊಳಗೆ ಹೋಗಿ ಕೂರಬೇಕು. ತಪ್ಪಿ ಮೇಲೆ ಹಾದ್ರೆ ಸ್ಪಿನ್‌ನಲ್ಲಿ ಡ್ರಮ್ ಬಂದು ಹೀಟರಿಗೆ ಬಡಿಯುತ್ತೆ. ಟಾರ್ಚ್ ಹಾಕಿ ಡ್ರಮ್ಮಿನ ತೂತಿಂದ ನೋಡಿ ಖಾತ್ರಿ ಮಾಡ್ಕೊಳ್ಳಿ. ಗ್ಯಾಸ್ಕೆಟ್ಟಿಗೆ ಪಾತ್ರೆ ತೊಳೆಯೋ ಸೋಪಿನ ನೀರು ಸವರಿದ್ರೆ ಸಲೀಸಾಗಿ ಜಾರುತ್ತೆ. ಎಣ್ಣೆ, ಗ್ರೀಸ್ ಬೇಡ, ರಬ್ಬರ್ ಊದುತ್ತೆ.

ಬೆಲ್ಟ್ ಹೊಸದೇ ಹಾಕಿ, ಹೊಳಪು ಬಂದದ್ದು ಮತ್ತೆ ಹಿಡಿಯಲ್ಲ. 1270 ಅಂದ್ರೆ ಉದ್ದ, ಮಿಲಿಮೀಟರ್‌ನಲ್ಲಿ. ಜೆ ಅಂದ್ರೆ ಗೀರಿನ ನಮೂನೆ, 5 ಅಂದ್ರೆ ಗೀರುಗಳ ಸಂಖ್ಯೆ. ಮೂರೂ ಹೊಂದಬೇಕು, ಸ್ವಲ್ಪ ಉದ್ದ ಆದ್ರೂ ನಡೆಯುತ್ತೆ ಅಂತ ಅಂಗಡಿಯವರು ಅಂದ್ರೆ ಕೇಳ್ಬೇಡಿ. ಮೊದಲು ಮೋಟಾರಿನ ಚಿಕ್ಕ ಪುಲ್ಲಿಗೆ ಹಾಕಿ, ಆಮೇಲೆ ದೊಡ್ಡದರ ಅಂಚಿಗೆ ಸಿಕ್ಕಿಸಿ ಕೈಯಲ್ಲಿ ತಿರುಗಿಸ್ತಾ ಏರಿಸಿ. ಬೆರಳು ಹುಷಾರು. ಏರಿದ ಮೇಲೂ ಇನ್ನೊಂದಷ್ಟು ಸುತ್ತು ತಿರುಗಿಸಿ, ಬೆಲ್ಟ್ ಒಂದೇ ದಾರಿಯಲ್ಲಿ ಓಡ್ತಿದೆಯಾ ನೋಡಿ. ಪುಲ್ಲಿ ಗೀರಲ್ಲಿ ಹಳೇ ರಬ್ಬರ್ ಮೆತ್ತಿದ್ರೆ ಬೆಲ್ಟ್ ಹಾಕೋ ಮೊದಲೇ ಉಜ್ಜಿ ತೆಗೀರಿ.

ತಗಡು ಪೂರ್ತಿ ಕೂರಿಸಿದ ಮೇಲೇ ಪ್ಲಗ್. ಮೊದಲ ಓಟ ಬಟ್ಟೆ ಇಲ್ಲದೆ, 60 ಡಿಗ್ರಿ. ಕೆಳಗೆ ಒಣ ಕಾಗದ ಹಾಸಿ, ಹನಿ ಬಿದ್ರೆ ಗೊತ್ತಾಗ್ಲಿ.

ಬಟ್ಟೆಬರೆ:

ಮೀಟರ್ 27 ತೋರಿಸ್ತು, ಮೈಗೆ ಏನೂ ಇಲ್ಲ. ಬೆಲ್ಟ್ ಬಂತು, ಹಾಕಿದೆ. ಖಾಲಿ ಓಟದಲ್ಲಿ ವಾಸನೆ ಇಲ್ಲ, ಕಾಗದ ಒಣಗೇ ಇದೆ. ಆಮೇಲೆ ಧೈರ್ಯ ಮಾಡಿ ಟವೆಲ್ ತುಂಬಿದೆ. ಸ್ಪಿನ್ ಏರಿದಾಗ ಹೊಸ ರಬ್ಬರಿನ ವಾಸನೆ ಒಂಚೂರು ಬಂತು, ಎರಡನೇ ಸಲಕ್ಕೆ ಅದೂ ಇಲ್ಲ. ಹಿಂಡಿಕೆ ಮೊದಲಿನ ಹಾಗೇ ಆಗಿದೆ. ಕಾಲುಚೀಲ ಈಗ ಜಾಲರಿ ಚೀಲದಲ್ಲೇ ಹಾಕ್ತಿದ್ದೀನಿ. ಸ್ಪ್ಯಾನರ್ ಸರ್, ವೋಲ್ಟ್‌ಮೀಟರ್ ಅವರೇ, ತುಂಬಾ ಉಪಕಾರ ಆಯ್ತು.

ಎರಡು ತೊಟ್ಟಿ:

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಸೆಮಿ ಆಟೊಮ್ಯಾಟಿಕ್, ಹಿಂಡೋ ತೊಟ್ಟಿಯಿಂದ ಸುಟ್ಟ ವಾಸನೆ, ತಿರುಗೋದೂ ನಿಧಾನ. ಬೆಲ್ಟೇನಾ?

ಹಳೇ ಸ್ಪ್ಯಾನರ್:

ಹಿಂಡೋ ತೊಟ್ಟಿಗೆ ಸಾಮಾನ್ಯವಾಗಿ ಬೆಲ್ಟ್ ಇರಲ್ಲ, ಮೋಟಾರ್ ನೇರ ಕೆಳಗೇ ಕೂತಿರುತ್ತೆ. ಮೊದಲು ಬ್ರೇಕ್ ನೋಡಿ. ಮುಚ್ಚಳ ತೆಗೆದಾಗ ಬ್ರೇಕ್ ಹಿಡಿಯುತ್ತೆ, ಮುಚ್ಚಿದಾಗ ತಂತಿ ಎಳೆದು ಬ್ರೇಕನ್ನ ಬಿಡಿಸಬೇಕು. ತಂತಿ ಸಡಿಲ ಆಗಿದ್ರೆ ಬ್ರೇಕ್ ಪೂರ್ತಿ ಬಿಡದೆ ಉಜ್ಜುತ್ತಲೇ ಇರುತ್ತೆ. ಪ್ಲಗ್ ಕಿತ್ತು, ಹಿಂದಿನ ಮುಚ್ಚಳ ಬಿಚ್ಚಿ, ಮೇಲಿನ ಮುಚ್ಚಳ ಮುಚ್ಚಿ, ಕೆಳಗಿಂದ ಮೋಟಾರ್ ಮೇಲಿನ ಬ್ರೇಕ್ ಡ್ರಮ್ಮನ್ನ ಕೈಯಲ್ಲಿ ತಿರುಗಿಸಿ. ಬಿಗಿ ಇದ್ರೆ ತಂತಿ ಸರಿ ಮಾಡಿ. ಸಲೀಸಾಗಿ ತಿರುಗಿಯೂ, ಸ್ವಿಚ್ ಹಾಕಿದಾಗ ಗುಂಯ್ ಅಂದು ಏಳದೇ ಇದ್ರೆ ಕೆಪಾಸಿಟರ್ ಸೋತಿದೆ. ಹಾಗೇ ಬಿಟ್ರೆ ವೈಂಡಿಂಗ್ ಸುಡುತ್ತೆ, ತಕ್ಷಣ ಆರಿಸಿ. ಬರಿಗೈಯಲ್ಲಿ ಕೆಪಾಸಿಟರ್ ತುದಿ ಮುಟ್ಬೇಡಿ. ಯಾವುದು ಅಂತ ನೋಡಿ ಹೇಳಿ.