ಆಕ್ಸೊಲಾಟಲ್‌ನ ಮುಂಗಾಲು ತುಂಡಾಗಿದೆ, ಗಾಯದ ಮೇಲೆ ಬಿಳಿ ಬೂಜು ಬಂದಿದೆ. ಏನು ಮಾಡಲಿ?

ಬೆಲ್ಲನ_ಅಮ್ಮ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್. ಮೈಸೂರಿನಲ್ಲಿದ್ದೇವೆ. ನಮ್ಮ ಆಕ್ಸೊಲಾಟಲ್ (ಹಲ್ಲಿಯಂತೆ ಕಾಣುವ, ನೀರಲ್ಲೇ ಬದುಕುವ ಉಭಯಚರ) ಹೆಸರು ಬೆಲ್ಲ, ಸುಮಾರು ಒಂದು ವರ್ಷದ್ದು. ಗೆಳತಿ ಊರು ಬಿಡುತ್ತಿದ್ದಾಳೆ ಅಂತ ಅವಳದ್ದೂ ನಮ್ಮ ಟ್ಯಾಂಕಿಗೇ ಬಂತು, ಅದು ಇವನಿಗಿಂತ ದೊಡ್ಡದು. ಬೆಳಿಗ್ಗೆ ನೋಡಿದರೆ ಬೆಲ್ಲನ ಬಲ ಮುಂಗಾಲು ಮೊಣಕೈಯಿಂದ ಕೆಳಗೆ ಇಲ್ಲವೇ ಇಲ್ಲ! ಒಂದು ಕಡೆಯ ಕಿವಿರಿನ ಎಳೆಗಳೂ ಹರಿದಿವೆ. ಈಗ ಗಾಯದ ತುದಿಯಲ್ಲಿ ಹತ್ತಿ ಅಂಟಿದ ಹಾಗೆ ಬಿಳಿ ಬೂಜು ಕಾಣುತ್ತಿದೆ. ಅಂಗಡಿಯವರು ಮೀನಿಗೆ ಹಾಕುವ ಹಸಿರು ಔಷಧಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ನೀರು 25 ಡಿಗ್ರಿ ಇದೆ. ಕಾಲು ಬರುತ್ತದೋ ಇಲ್ಲವೋ ಆಮೇಲೆ ನೋಡೋಣ, ಮೊದಲು ಅವನು ಉಳಿದರೆ ಸಾಕು.

ಜೌಗು_ನೆಲ:
ಮೇಡಂ, ಆ ಹಸಿರು ಔಷಧಿ ಬೇಡವೇ ಬೇಡ. ಮೀನಿನ ಹಸಿರು ಔಷಧಿಗಳಲ್ಲಿ ಸಾಮಾನ್ಯವಾಗಿ ಮ್ಯಾಲಕೈಟ್ ಗ್ರೀನ್ ಇರುತ್ತದೆ. ಮೀನಿಗೆ ಹುರುಪೆ ಇದೆ, ಇವಕ್ಕೆ ಇಲ್ಲ. ತೆಳು ಚರ್ಮ, ನೀರಿನಲ್ಲಿ ಇದ್ದದ್ದೆಲ್ಲ ನೇರ ಒಳಗೆ ಹೋಗುತ್ತದೆ. ತಾಮ್ರ ಅಥವಾ ಫಾರ್ಮಲಿನ್ ಇರುವ ಔಷಧಿಗೂ ಇದೇ ಮಾತು.

ಮೊದಲು ಎರಡನ್ನೂ ಬೇರೆ ಮಾಡಿ. ಬೆಲ್ಲನನ್ನು ಮುಚ್ಚಳದಲ್ಲಿ ತೂತು ಇರುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಸೋಪು ಮುಟ್ಟದ ಡಬ್ಬಿ ಆಗಬೇಕು. ಮರಳು, ಕಲ್ಲು ಏನೂ ಬೇಡ. ಬಲೆಯಲ್ಲಿ ಎತ್ತಬೇಡಿ, ಹರಿದ ಕಿವಿರು ಸಿಕ್ಕಿಕೊಳ್ಳುತ್ತದೆ. ಅಗಲದ ಪಾತ್ರೆಯಲ್ಲಿ ನೀರಿನ ಸಮೇತ ಎತ್ತಿ. ಡಬ್ಬಿಯ ನೀರನ್ನು ದಿನಾ ಪೂರ್ತಿ ಬದಲಾಯಿಸಬೇಕು, ಏಕೆಂದರೆ ಅಲ್ಲಿ ಫಿಲ್ಟರ್ ಇಲ್ಲ, ಅವನ ಗಲೀಜಿನಿಂದಲೇ ಅಮೋನಿಯಾ ಏರಿ ಗಾಯವನ್ನೂ ಕಿವಿರನ್ನೂ ಸುಡುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಡೀಕ್ಲೋರಿನೇಟರ್ ಹಾಕಿ, ಆದರೆ ಅಲೋವೆರಾ ಇರುವಂಥದ್ದು ಬೇಡ. ಹೊಸ ನೀರಿನ ಬಿಸಿಯೂ ಹಳೆಯದರಷ್ಟೇ ಇರಲಿ.

ಆಮೇಲೆ ಆ 25 ಡಿಗ್ರಿ. ನನ್ನ ಪ್ರಕಾರ ನಿಮ್ಮ ದೊಡ್ಡ ಸಮಸ್ಯೆ ಕಾಲಿಗಿಂತ ಇದೇ. ಇವುಗಳ ಮೂಲ ಮೆಕ್ಸಿಕೊ ಸಿಟಿಯ ಸೊಚಿಮಿಲ್ಕೊ ಕಾಲುವೆಗಳು, ಸಮುದ್ರಮಟ್ಟದಿಂದ 2,200 ಮೀಟರ್‌ಗೂ ಮೇಲೆ. 16ರಿಂದ 18 ಡಿಗ್ರಿ ಇವಕ್ಕೆ ಹಿತ. 24 ದಾಟಿದರೆ ಮೈ ಸೋಲುತ್ತದೆ, ಬೂಜು ಗೆಲ್ಲುತ್ತದೆ. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಇಲ್ಲದಿದ್ದರೆ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಮುಚ್ಚಳ ಬಿಗಿದು ತೇಲಿಬಿಡಿ, ಕರಗಿದ ಹಾಗೆ ಇನ್ನೊಂದು ಹಾಕಿ. ನೀರಿನ ಮೇಲೆ ಫ್ಯಾನ್ ಬೀಸಿದರೂ ಒಂದೆರಡು ಡಿಗ್ರಿ ಇಳಿಯುತ್ತದೆ. ಒಮ್ಮೆಲೇ ಇಳಿಸಬೇಡಿ, ನಿಧಾನ.

ಕಾಲಿನ ಚಿಂತೆ ಬಿಡಿ, ಅದು ಬರುತ್ತದೆ. ಒಂದು ದಿನದೊಳಗೇ ಗಾಯದ ಮೇಲೆ ಹೊಸ ಚರ್ಮದ ಪದರ ಹರಡಿರುತ್ತದೆ. ಅದರ ಕೆಳಗೆ ಬ್ಲಾಸ್ಟೀಮಾ ಅನ್ನುವ ಸಣ್ಣ ಉಬ್ಬು ಏಳುತ್ತದೆ, ಅದು ಚಪ್ಪಟೆಯಾಗಿ, ಆಮೇಲೆ ಒಂದೊಂದೇ ಬೆರಳು. ಮುಂಗಾಲಲ್ಲಿ ನಾಲ್ಕೇ ಬೆರಳು ಇರೋದು, ಐದನೆಯದು ಬರಲಿಲ್ಲ ಅಂತ ಹೆದರಬೇಡಿ. ಮರಿಗಳಿಗೆ ಬೇಗ ಆಗುತ್ತದೆ, ಬೆಳೆದವಕ್ಕೆ ಕೆಲವು ತಿಂಗಳು ಬೇಕು.

ಕೊಳದ_ಹುಡುಗ:
ಎಲ್ಲ ಸರಿ ಅಣ್ಣ, ಆದರೆ ಬೂಜು ಬಂದುಬಿಟ್ಟಿದೆ ಅಲ್ವಾ, ಬರೀ ನೀರು ಬದಲಾಯಿಸಿದರೆ ಸಾಕಾ? ನಾನಾಗಿದ್ದರೆ ಉಪ್ಪು ನೀರಿನ ಸ್ನಾನ ಕೊಡುತ್ತಿದ್ದೆ. ಲೀಟರಿಗೆ ಎರಡು ಟೀ ಚಮಚ ಉಪ್ಪು, 10 ನಿಮಿಷ, ದಿನಕ್ಕೆ ಎರಡು ಸಲ. ಅಯೋಡಿನ್ ಇಲ್ಲದ ಉಪ್ಪೇ ಆಗಬೇಕು. ಕಲ್ಲುಪ್ಪು ಅಂದ ಮಾತ್ರಕ್ಕೆ ಅಯೋಡಿನ್ ಇಲ್ಲ ಅಂತಲ್ಲ, ಪ್ಯಾಕೆಟ್ ಓದಿ.

ಜೌಗು_ನೆಲ:
ತಮ್ಮಾ, ಹತ್ತಿಯಂಥ ಬೂಜು ಕಣ್ಣಿಗೆ ಕಂಡಾಗ ಉಪ್ಪು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಆದರೆ 15 ನಿಮಿಷ ದಾಟಬಾರದು, ಅವನು ಒದ್ದಾಡಿದರೆ ತಕ್ಷಣ ತೆಗೆಯಬೇಕು. ಬೂಜು ಉದುರಿದ ಮೇಲೆ ನಿಲ್ಲಿಸಿಬಿಡಿ. ಸುಮ್ನೆ ಮುಂದುವರಿಸಿದರೆ ಮೈಮೇಲಿನ ಲೋಳೆ ಹೋಗುತ್ತದೆ, ಕಿವಿರಿಗೂ ಪೆಟ್ಟು, ಅದೂ ಒಂದು ಕಡೆ ಆಗಲೇ ಹರಿದಿರುವಾಗ. ಮೆದುವಾದ ದಾರಿ ಅಂದರೆ ಕಾಡು ಬಾದಾಮಿ ಎಲೆ. ನಮ್ಮ ರಸ್ತೆಗಳಲ್ಲೆಲ್ಲ ಆ ಮರ ಇದೆ. ಉದುರಿ ಕಂದಾದ ಎಲೆ ಆರಿಸಿ, ಧೂಳು ಹೊಗೆ ಬೀಳದ ಕಡೆಯದು, ಚೆನ್ನಾಗಿ ತೊಳೆದು ಡಬ್ಬಿಗೆ ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಆ ಒಗರು ಬೂಜನ್ನು ಸ್ವಲ್ಪ ತಡೆಯುತ್ತದೆ.

ಬೆಲ್ಲನ_ಅಮ್ಮ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಡಬ್ಬಿಗೆ ಹಾಕಿದೆ, ಬಾಟಲಿ ತೇಲಿಬಿಟ್ಟು 19ಕ್ಕೆ ಇಳಿದಿದೆ. ಆದರೆ ತಿನ್ನುತ್ತಿಲ್ಲ. ಎರೆಗೊಬ್ಬರ ಮಾಡುವವರ ಹತ್ತಿರ ಹುಳ ತಂದೆ, ಬಾಯಿಗೆ ಹಾಕಿಕೊಂಡು ಉಗಿದುಬಿಟ್ಟ. ಇನ್ನೊಂದು, ಆರ್‌ಒ ನೀರು ಹೆಚ್ಚು ಶುದ್ಧ ಅಲ್ವಾ, ಅದನ್ನೇ ಹಾಕಲಾ?

ಹಸಿರು_ಕಿವಿರು:
ಅಕ್ಕಾ, ಆರ್‌ಒ ಬೇಡ. ಅದರಲ್ಲಿ ಲವಣಗಳೆಲ್ಲ ಹೋಗಿರುತ್ತವೆ, ಇವಕ್ಕೆ ಸ್ವಲ್ಪ ಗಡಸು ನೀರೇ ಇಷ್ಟ. ಹುಳ ಉಗಿದದ್ದಕ್ಕೂ ಗಾಬರಿ ಬೇಡ. ಗೊಬ್ಬರದ ಕೆಂಪು ಹುಳ ಮುಟ್ಟಿದರೆ ಕಹಿ ರಸ ಬಿಡುತ್ತದೆ, ಎಷ್ಟೋ ಆಕ್ಸೊಲಾಟಲ್‌ಗಳು ಅದನ್ನು ತಿನ್ನಲ್ಲ. ಮಣ್ಣಿನ ದಪ್ಪ ಎರೆಹುಳು ಸಿಕ್ಕರೆ ತೊಳೆದು ತುಂಡು ಮಾಡಿ ಮೂತಿಯ ಮುಂದೆ ಆಡಿಸಿ. ಔಷಧಿ ಹೊಡೆಯದ ನೆಲದ್ದೇ ಆಗಿರಲಿ. ಉಳಿದ ತುಂಡು ಹಾಗೇ ಬಿಡಬೇಡಿ, ಕೊಳೆಯುತ್ತದೆ. ಗಟ್ಟಿಮುಟ್ಟಾದದ್ದು ಕೆಲವು ದಿನ ತಿನ್ನದೆ ಇದ್ದರೂ ತೊಂದರೆ ಇಲ್ಲ, ಹಿಡಿದು ಬಾಯಿಗೆ ತುರುಕಬೇಡಿ.

ಆದರೆ ಇವನ್ನು ಗಮನಿಸುತ್ತಿರಿ: ಹೊಟ್ಟೆ ಅಥವಾ ಕಾಲುಗಳ ಮೇಲೆ ಕೆಂಪು ಹರಡುವುದು, ಗಾಯ ಮೇಲಕ್ಕೆ ಕೊಳೆಯುತ್ತಾ ಹೋಗುವುದು, ಮೈ ಊದುವುದು. ಹೀಗಾದರೆ ಅದು ಬ್ಯಾಕ್ಟೀರಿಯಾ ಸೋಂಕು ಇರಬಹುದು, ಮನೆಮದ್ದಿಗೆ ಬಗ್ಗಲ್ಲ. ಆಂಟಿಬಯಾಟಿಕ್ ಬೇಕು, ಅದನ್ನು ಉಭಯಚರಗಳನ್ನು ನೋಡಿ ಗೊತ್ತಿರುವ ಪಶುವೈದ್ಯರೇ ಕೊಡಬೇಕು. ನಾಯಿ ಬೆಕ್ಕು ಮಾತ್ರ ನೋಡುವವರಾದರೆ ಫೋನ್‌ನಲ್ಲೇ ಕೇಳಿ ತಿಳಿದುಕೊಳ್ಳಿ, ಅವನನ್ನು ಬಿಸಿಲಲ್ಲಿ ಸುತ್ತಾಡಿಸಬೇಡಿ. ಗೆಳತಿಯ ಪ್ರಾಣಿಯ ಕಾಗದಪತ್ರಗಳನ್ನೂ ಒಮ್ಮೆ ನೋಡಿ, 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಬೆಲ್ಲನ_ಅಮ್ಮ:
ಬೂಜು ಪೂರ್ತಿ ಹೋಗಿದೆ, ಉಪ್ಪು ನಿಲ್ಲಿಸಿದ್ದೇನೆ. ದಪ್ಪ ಎರೆಹುಳು ತಿಂದ! ತುದಿಯಲ್ಲಿ ಅರೆಪಾರದರ್ಶಕ ಉಬ್ಬು ಕಾಣುತ್ತಿದೆ, ಮನೆಯವರೆಲ್ಲ ಟಾರ್ಚ್ ಹಿಡಿದು ನೋಡಿದೆವು. ಕಾಲು ಪೂರ್ತಿ ಬಂದ ಮೇಲೆ ಇಬ್ಬರನ್ನೂ ಮತ್ತೆ ಜೊತೆಗೆ ಬಿಡಬಹುದಾ?

ಜೌಗು_ನೆಲ:
ಒಳ್ಳೆ ಸುದ್ದಿ ಮೇಡಂ! ಟಾರ್ಚ್ ಮಾತ್ರ ಜಾಸ್ತಿ ಬೇಡ, ಕಣ್ಣಿಗೆ ರೆಪ್ಪೆ ಇಲ್ಲ, ಬೆಳಕು ಅವಕ್ಕೆ ಹಿಂಸೆ. ಜೊತೆಗೆ ಬಿಡೋದು ಬೇಡ. ಅವಕ್ಕೆ ಕಣ್ಣು ಮಂದ, ಮುಂದೆ ಅಲ್ಲಾಡಿದ್ದೆಲ್ಲ ಊಟ ಅಂತಲೇ ಬಾಯಿ ಹಾಕುತ್ತವೆ. ಒಂಟಿಯಾಗಿದ್ದರೆ ಬೇಜಾರಾಗುತ್ತದೆ ಅನ್ನೋದು ನಮ್ಮ ಕಲ್ಪನೆ ಅಷ್ಟೇ. ಎರಡನೆಯದಕ್ಕೆ ಬೇರೆ ಟ್ಯಾಂಕ್ ಇಡಿ. ಬೆಲ್ಲನನ್ನು ವಾಪಸ್ ಬಿಡುವ ಮುಂಚೆ ಅವನ ಟ್ಯಾಂಕಿನ ನೀರು ಪರೀಕ್ಷೆ ಮಾಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂ ಒಳಗೆ ಇದ್ದರೆ ಧೈರ್ಯವಾಗಿ ಬಿಡಿ.