ಮೊಣಕಾಲು, ಮಣಿಕಟ್ಟು ಎರಡೂ ನೋವು: ಯಾವ ಸೈಕಲ್ ತಗೊಳ್ಳಲಿ?

ಒಳಪೆಡಲ್57

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿದ್ದೇನೆ. ವಯಸ್ಸು 57, ಎತ್ತರ 5 ಅಡಿ 5 ಇಂಚು, ತೂಕ 80 ಕೆಜಿ ಹತ್ತಿರ. ಬಲ ಮೊಣಕಾಲಿನ ಕೀಲು ಸವೆದಿದೆ, ಆಪರೇಷನ್ ಈಗಲೇ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ವಾಕಿಂಗ್ ಕಡಿಮೆ ಮಾಡಿ ಸೈಕಲ್ ತುಳಿಯಿರಿ, ಆದರೆ ಜೋರಾಗಿ ಒತ್ತಿ ತುಳಿಯಬೇಡಿ ಎಂದರು. ಇದರ ಜೊತೆಗೆ ಬಲಗೈ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನಲ್ಲಿ ನೋವು. ಬಾಟಲಿ ಮುಚ್ಚಳ ತಿರುಗಿಸಿದರೂ ಚುಳ್ಳೆನ್ನುತ್ತದೆ.

ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ ಒಳಪೆಡಲ್ ಹೊಡೆದು ಕಲಿತವನು ನಾನು. ಕಾಲೇಜು ಮುಗಿಯುವವರೆಗೂ ಅದೇ ಇತ್ತು. ಆಮೇಲೆ ಸ್ಕೂಟರ್ ಬಂತು, ಸೈಕಲ್ ಹೋಯಿತು. ಈಗ ಅಂಗಡಿಗೆ ಹೋದರೆ ತಲೆ ತಿರುಗುತ್ತದೆ. ಒಬ್ಬರು ದಪ್ಪ ಟೈರಿನ, ಮುಂದೆ ಸಸ್ಪೆನ್ಷನ್ ಇರುವುದನ್ನು ತೋರಿಸುತ್ತಾರೆ. ಮಗ ಹೈಬ್ರಿಡ್ (ರೋಡ್ ಸೈಕಲ್, ಬೆಟ್ಟದ ಸೈಕಲ್ ಎರಡರ ನಡುವಿನದು) ತಗೊಳ್ಳಿ ಅನ್ನುತ್ತಾನೆ, ಮನೆಯವರು ಬ್ಯಾಟರಿ ಸೈಕಲ್ ಅನ್ನುತ್ತಾರೆ. ಇನ್ನೊಂದು ಅಂಗಡಿ ಹುಡುಗ ನನ್ನ ಕಾಲು ನೋಡಿ ಸೀದಾ ಲೇಡೀಸ್ ಸೈಕಲ್ ತಂದು ನಿಲ್ಲಿಸಿಬಿಟ್ಟ. ಸ್ವಲ್ಪ ಮುಜುಗರ ಆಯಿತು, ಸುಳ್ಳು ಯಾಕೆ ಹೇಳಲಿ.

ಬೆಳಿಗ್ಗೆ ಒಂದು ರೌಂಡು, ದೇವರಾಜ ಮಾರುಕಟ್ಟೆಯಿಂದ ತರಕಾರಿ, ಭಾನುವಾರ ರಿಂಗ್ ರಸ್ತೆ ದಾಟಿ ಟಿ. ನರಸೀಪುರ ಕಡೆ ಸುಮ್ನೆ ಒಂದು ಸುತ್ತು. ಇಷ್ಟೇ ನನ್ನ ಉಪಯೋಗ. ಚಾಮುಂಡಿ ಬೆಟ್ಟ ಹತ್ತುವ ಆಸೆ ಇಲ್ಲ. 25 ಸಾವಿರದ ಒಳಗೆ ಇದ್ದರೆ ಒಳ್ಳೆಯದು. ಯಾವುದು ತಗೊಳ್ಳಲಿ?

ಡಬಲ್‌ಬೆಲ್

ಸರ್, ಜಾಸ್ತಿ ಯೋಚನೆ ಬೇಡ. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಇರುವ ಎಂಟಿಬಿ (ಬೆಟ್ಟದ ಸೈಕಲ್) ತಗೊಳ್ಳಿ, ಮೇಲೊಂದು ಜೆಲ್ ಸೀಟ್ ಕವರ್ ಹಾಕಿಸಿ. ನಮ್ಮ ರಸ್ತೆ ಹಂಪುಗಳಿಗೆ ಅದೇ ಸರಿ. ಸೋಫಾ ಥರ ಇರುತ್ತದೆ.

ಸ್ಪ್ಯಾನರ್

ಡಬಲ್‌ಬೆಲ್ ಅವರೇ, ಬೇಜಾರಾಗಬೇಡಿ, ಈ ಸಲಹೆ ಇವರ ಮೊಣಕಾಲಿಗೆ ಸರಿಹೋಗುವುದಿಲ್ಲ. ನಾನು ಬೆಂಗಳೂರಿನಲ್ಲಿ ಸೈಕಲ್ ರಿಪೇರಿ ಕೆಲಸ ಮಾಡುತ್ತೇನೆ. ಆ ಬೆಲೆಯಲ್ಲಿ ಸಿಗುವ ಸಸ್ಪೆನ್ಷನ್ ಅಂದರೆ ಒಳಗೊಂದು ಸ್ಪ್ರಿಂಗು, ಅಷ್ಟೇ. ಮುಂದಿನ ಫೋರ್ಕ್ ಒಂದೇ ಎರಡು ಕೆಜಿಗಿಂತ ಜಾಸ್ತಿ ತೂಗುತ್ತದೆ. ಹಿಂದೆಯೂ ಸಸ್ಪೆನ್ಷನ್ ಇದ್ದರೆ ನೀವು ತುಳಿದಾಗಲೆಲ್ಲ ಸೈಕಲ್ ಕುಪ್ಪಳಿಸುತ್ತದೆ, ಕಾಲಿನ ಶಕ್ತಿ ಸ್ಪ್ರಿಂಗ್ ಅದುಮುವುದಕ್ಕೆ ಹೋಗುತ್ತದೆ. ಹಂಪಿನ ಏಟು ತಡೆಯುವುದಕ್ಕೆ ಅಗಲವಾದ ಟೈರು ಸಾಕು. 700ಕ್ಕೆ 38 ಅಥವಾ 40 ಸೈಜಿನದು (ಎರಡನೆಯದು ಅಗಲ, ಮಿಮೀ ಲೆಕ್ಕದಲ್ಲಿ) ಹಾಕಿ, ಗಾಳಿ ಕಲ್ಲಿನಂತೆ ತುಂಬಬೇಡಿ. ನಿಮ್ಮ ತೂಕಕ್ಕೆ 50 ಪಿಎಸ್‌ಐ ಆಸುಪಾಸು ಇಟ್ಟು, ಆಮೇಲೆ ಅಲ್ಲಿಂದ ಹೆಚ್ಚು ಕಡಿಮೆ ಮಾಡಿ ನೋಡಿ. ಮೀಟರ್ ಇರುವ ಪಂಪು ಒಂದು ಮನೆಯಲ್ಲಿರಲಿ.

ಈಗ ಮೊಣಕಾಲಿನ ವಿಷಯ. ನಮ್ಮವರು ಹತ್ತರಲ್ಲಿ ಎಂಟು ಜನ ಸೀಟು ತೀರ ಕೆಳಗೆ ಇಟ್ಟುಕೊಳ್ಳುತ್ತಾರೆ (ಲೆಕ್ಕ ಹಾಕಿದ್ದಲ್ಲ, ಅಂಗಡಿಗೆ ಬರುವವರನ್ನು ನೋಡಿ ಹೇಳುತ್ತಿದ್ದೇನೆ). ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಆಗಲೇ ಧೈರ್ಯ ಅಂತ. ಆದರೆ ಸೀಟು ಕೆಳಗಿದ್ದಷ್ಟೂ ಪೆಡಲ್ ಮೇಲೆ ಬಂದಾಗ ಮೊಣಕಾಲು ಜಾಸ್ತಿ ಮಡಚುತ್ತದೆ, ಮಡಚಿದ ಕಾಲಿನಿಂದಲೇ ಒತ್ತಬೇಕಾಗುತ್ತದೆ. ಮಂಡಿ ಚಿಪ್ಪಿನ ಮೇಲೆ ಭಾರ ಬೀಳುವುದು ಆಗಲೇ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಒಂದು ಪೆಡಲನ್ನು ಪೂರ್ತಿ ಕೆಳಗೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ವಾಲಬಾರದು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲಿನಲ್ಲಿ ಸ್ವಲ್ಪ ಬಾಗು ಉಳಿಯುತ್ತದೆ. ಅದೇ ಸರಿಯಾದ ಎತ್ತರ. ಅಳತೆ ಬೇಕೆಂದರೆ ಬರಿಗಾಲಲ್ಲಿ ನಿಂತು ತೊಡೆಸಂದಿಯಿಂದ ನೆಲಕ್ಕೆ ಅಳೆದು 0.883ರಿಂದ ಗುಣಿಸಿ. ಅಷ್ಟು ದೂರ ಕ್ರ್ಯಾಂಕ್ (ಪೆಡಲ್ ಕೂರಿಸಿರುವ ತೋಳು) ತಿರುಗುವ ಅಚ್ಚಿನ ನಡುಮಧ್ಯದಿಂದ ಸೀಟಿನ ಮೇಲ್ಭಾಗಕ್ಕೆ ಇರಬೇಕು. ಇದು ಶುರುವಿನ ಲೆಕ್ಕ ಅಷ್ಟೇ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿರಬಹುದು, ಹಿಂದೆ ಸೆಳೆದರೆ ಎತ್ತರವಾಗಿರಬಹುದು. ಬದಲಾಯಿಸುವಾಗ ಒಂದೇ ಸಲಕ್ಕೆ ಇಂಚುಗಟ್ಟಲೆ ಬೇಡ, 5 ಮಿಲಿಮೀಟರ್ ಸಾಕು.

ಗೇರು. ಹಳೆ ಅಟ್ಲಾಸಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ ಎರಡು ಸುತ್ತಿಗಿಂತ ಜಾಸ್ತಿ ತಿರುಗುತ್ತಿತ್ತು, ನಿಂತು ಒತ್ತಿದರೇನೇ ಏರು ಹತ್ತುತ್ತಿತ್ತು. ನಿಮಗೆ ಅದರ ಉಲ್ಟಾ ಬೇಕು. ಮುಂದಿನ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದಿನದಕ್ಕೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ ಒಂದು ಸುತ್ತೂ ಪೂರ್ತಿ ಆಗುವುದಿಲ್ಲ, ಹಾಗಾಗಿ ಕಾಲಿಗೆ ಭಾರವೇ ಇಲ್ಲ. ಕಡಿಮೆ ಬೆಲೆಯ 7 ಸ್ಪೀಡ್ ಸೈಕಲ್ಲುಗಳಲ್ಲಿ ಹಿಂದೆ 14ರಿಂದ 28 ಹಲ್ಲಿನ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗುಂಪು) ಇರುತ್ತದೆ. ಅದನ್ನು ತೆಗೆದು 34ರದ್ದು ಹಾಕಿಸುವುದು ದೊಡ್ಡ ಖರ್ಚಲ್ಲ, ಚೈನು ಸಾಲದಿದ್ದರೆ ಅದನ್ನೂ ಉದ್ದದ್ದು ಹಾಕುತ್ತಾರೆ. ಹಗುರ ಗೇರಿನಲ್ಲಿ ಬೇಗ ಬೇಗ ತುಳಿಯುವ ಅಭ್ಯಾಸ ಮಾಡಿ, ನಿಮಿಷಕ್ಕೆ 70–80 ಸುತ್ತು ಬರಲಿ. ಸಿಗ್ನಲ್ ಹತ್ತಿರ ಬರುವಾಗಲೇ ಗೇರು ಇಳಿಸಿ. ನಿಂತ ಸೈಕಲ್ ಹೊರಡಿಸುವಾಗ ಕಾಲಿನ ಮೇಲೆ ಬೀಳುವ ಒತ್ತಡ ಎಲ್ಲಕ್ಕಿಂತ ಜಾಸ್ತಿ.

ಇನ್ನೊಂದು ವಿಷಯ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ದೊಡ್ಡವರ ಸೈಕಲ್ಲಿಗೆ ಸಾಮಾನ್ಯವಾಗಿ 170 ಮಿಮೀ ಉದ್ದದ ಕ್ರ್ಯಾಂಕ್ ಬರುತ್ತದೆ, ಆರು ಅಡಿಯವನಿಗೂ ಅದೇ, ಐದಡಿಯವಳಿಗೂ ಅದೇ. ಅದನ್ನು 160 ಮಾಡಿಸಿ ಸೀಟು 10 ಮಿಮೀ ಏರಿಸಿದರೆ, ಪೆಡಲ್ ಮೇಲೆ ಬಂದಾಗ ಪಾದಕ್ಕೂ ಸೀಟಿಗೂ ನಡುವೆ 20 ಮಿಮೀ ಜಾಗ ಜಾಸ್ತಿ ಸಿಗುತ್ತದೆ, ಮಂಡಿ ಅಷ್ಟು ಕಡಿಮೆ ಮಡಚುತ್ತದೆ. ಸವೆದ ಮಂಡಿಗೆ ಇದು ತುಂಬಾ ದೊಡ್ಡ ವ್ಯತ್ಯಾಸ. ಎಲ್ಲಾ ಸರಿ ಮಾಡಿದ ಮೇಲೂ ನೋವಿದ್ದರೆ ಆಗ ಯೋಚಿಸಿ.

ಕಂಪನಿ ಹೆಸರು ಕೇಳಿದರೆ, ಡೆಕಾಥ್ಲಾನಿನ ರಿವರ್‌ಸೈಡ್, ಫೈರ್‌ಫಾಕ್ಸ್ ಅಥವಾ ಮಾಂಟ್ರಾ ಹೈಬ್ರಿಡ್, ಇಂಥವನ್ನು ಓಡಿಸಿ ನೋಡಿ. ಹೆಸರಿಗಿಂತ ಫ್ರೇಮ್ ಸೈಜು ಮುಖ್ಯ.

ಕಡಲತಡಿ

ಸ್ಪ್ಯಾನರ್ ಅವರು ಕಾಲಿನದ್ದು ಹೇಳಿದರು, ನಾನು ಕೈಯದ್ದು ಹೇಳುತ್ತೇನೆ. ನಾನು ಮಂಗಳೂರಿನವಳು. ಸಂಧಿವಾತ ಇದೆ, ಎರಡೂ ಕೈ ಬೆರಳಿಗೆ ಬಂದಿದೆ. ನಮ್ಮ ಊರಿನ ಏರು ತಗ್ಗು ಗೊತ್ತಲ್ವಾ, ಗೇರು ಬದಲಿಸದೆ ಒಂದು ಕಿಲೋಮೀಟರ್ ಹೋಗಲಿಕ್ಕೆ ಆಗುವುದಿಲ್ಲ. ಹಾಗಾಗಿ ಗೇರು ಬದಲಿಸುವ ಲಿವರೇ ನನಗೆ ದೊಡ್ಡ ತಲೆನೋವಾಗಿತ್ತು.

ಸರ್, ನಿಮಗೆ ನೋವಿರುವುದು ಬಲಗೈ ಹೆಬ್ಬೆರಳು. ಹಿಂದಿನ ಗೇರಿನ ಲಿವರ್ ಇರುವುದೂ ಬಲಗಡೆಗೇ. ಈಗಿನ ಹೆಚ್ಚಿನ ಸೈಕಲ್ಲುಗಳಲ್ಲಿ ಅದನ್ನು ಹೆಬ್ಬೆರಳಿನಿಂದಲೇ ಒತ್ತಬೇಕು. ಅಂಗಡಿಯಲ್ಲಿ ಎರಡು ಸಲ ಒತ್ತಿದಾಗ ಏನೂ ಅನ್ನಿಸುವುದಿಲ್ಲ, ಅರ್ಧ ಗಂಟೆ ಓಡಿಸಿದ ಮೇಲೆ ಗೊತ್ತಾಗುತ್ತದೆ. ಹಿಡಿಯನ್ನೇ ತಿರುಗಿಸುವ ಥರದ್ದೂ ಇದೆ, ಹೆಬ್ಬೆರಳಿಗೆ ಸುಖ ಆದರೆ ಮಣಿಕಟ್ಟು ತಿರುಚಬೇಕು. ಬಾಟಲಿ ಮುಚ್ಚಳಕ್ಕೇ ನೋವು ಅಂದಿರಲ್ಲ, ನಿಮಗದು ಬೇಡ. ಹಳೆ ಕಾಲದ ಗೇರ್ ಸೈಕಲ್ಲಿನಲ್ಲಿ ಹ್ಯಾಂಡಲ್ ಮೇಲೆ ಒಂದು ಉದ್ದ ಕಡ್ಡಿ ಇರುತ್ತಿತ್ತಲ್ಲ, ಅದು ನನಗೆ ಸರಿಹೋಯಿತು. ಬೆರಳು ಬೇಡ, ಅಂಗೈ ಬುಡದಿಂದ ದೂಡಿದರೆ ಸಾಕು. ಈಗಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಸಾಧ್ಯವಾದರೆ ಮುಂದೆ ಒಂದೇ ಹಲ್ಲುಚಕ್ರ ಇರುವ ಸೈಕಲ್ ನೋಡಿ. ಒಂದು ಕೈಯ ಕೆಲಸ ಪೂರ್ತಿ ಉಳಿಯುತ್ತದೆ.

ಬ್ರೇಕ್ ಬಗ್ಗೆ: ಡಿಸ್ಕ್ ಇದೆ ಅಂತ ಖುಷಿ ಪಡಬೇಡಿ. ತಂತಿಯಿಂದ ಎಳೆಯುವ ಅಗ್ಗದ ಡಿಸ್ಕ್ ಬ್ರೇಕು ಕೈಗೆ ತುಂಬಾ ಗಟ್ಟಿ. ಅದಕ್ಕಿಂತ ಚೆನ್ನಾಗಿ ಕೂರಿಸಿದ ವಿ-ಬ್ರೇಕ್ (ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ರಬ್ಬರಿನಲ್ಲಿ ಒತ್ತುವುದು) ಮೆತ್ತಗೆ ಹಿಡಿಯುತ್ತದೆ. ಆಯಿಲ್ ಇರುವ ಹೈಡ್ರಾಲಿಕ್ ಡಿಸ್ಕ್ ಸಿಕ್ಕಿದರೆ ಎರಡು ಬೆರಳು ಸಾಕು. ಲಿವರಿನಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಲಿವರ್ ಬೆರಳಿಗೆ ಹತ್ತಿರ ಬರುತ್ತದೆ. ಅದನ್ನು ಮಾಡಿಸಿಕೊಂಡೇ ಹೊರಗೆ ಬನ್ನಿ.

ಹ್ಯಾಂಡಲ್ ಸೀಟಿನ ಮಟ್ಟಕ್ಕಾದರೂ ಇರಲಿ, ಸ್ವಲ್ಪ ಮೇಲಿದ್ದರೆ ಇನ್ನೂ ಒಳ್ಳೆಯದು. ಅಂಗೈ ಪೂರ್ತಿ ಕೂರುವಂಥ ಅಗಲ ಹಿಡಿ ಹಾಕಿಸಿ. ಮುಂಗೈ ಮತ್ತು ಅಂಗೈ ಒಂದೇ ಗೆರೆಯಲ್ಲಿ ಬರಬೇಕು, ಮಣಿಕಟ್ಟು ಕೆಳಗೆ ಮುರಿದಂತೆ ಬಾಗಬಾರದು.

ಮತ್ತೆ ಆ ಲೇಡೀಸ್ ಸೈಕಲ್. ಮುಜುಗರ ಬಿಡಿ ಸರ್. ಕಾಲು ಹಿಂದಿನಿಂದ ಎತ್ತಿ ದಾಟಿಸುವಾಗ ನೆಲದ ಮೇಲಿರುವ ಇನ್ನೊಂದು ಕಾಲು ಒಂಟಿಯಾಗಿ ಇಡೀ ಮೈಭಾರ ಹೊತ್ತು ತಿರುಗುತ್ತದೆ. ಕ್ಯಾರಿಯರಿನಲ್ಲಿ ತರಕಾರಿ ಚೀಲ ಇದ್ದರೆ ಇನ್ನೂ ಕಷ್ಟ. ಸೀಟು ಸರಿಯಾದ ಎತ್ತರಕ್ಕೆ ಇಟ್ಟರೆ ನಿಲ್ಲಿಸುವಾಗ ಪ್ರತಿ ಸಲ ಸೀಟಿನಿಂದ ಮುಂದಕ್ಕೆ ಇಳಿಯಬೇಕು, ಆಗ ಆ ನಡುವಿನ ಬಾರ್ ಇಲ್ಲದಿದ್ದರೆ ಎಷ್ಟು ಆರಾಮ ಅನ್ನುವುದನ್ನು ಒಂದು ಸಲ ಓಡಿಸಿ ನೋಡಿ.

ಗಾಳಿಯೆದುರು

ನಾನು ನೆದರ್‌ಲ್ಯಾಂಡ್ಸಿನ ಐಂಡ್‌ಹೋವೆನ್‌ನಲ್ಲಿ ಇರುವುದು, ಊರು ದಾವಣಗೆರೆ. ಇಲ್ಲಿ ಎಪ್ಪತ್ತು ದಾಟಿದ ಗಂಡಸರು ಬಾರ್ ಇಲ್ಲದ ಸೈಕಲ್ಲಿನಲ್ಲೇ ಓಡಾಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಹ್ಯಾಂಡಲ್ ಹಿಂದಕ್ಕೆ ಬಾಗಿರುತ್ತದೆ, ಮಣಿಕಟ್ಟಿಗೆ ಹಿತ.

ಆದರೆ ಇಲ್ಲಿಯ ಸೈಕಲ್ಲನ್ನು ಹಾಗೇ ನಕಲು ಮಾಡಬೇಡಿ. ಇಲ್ಲಿ ನೆಲ ಸಪಾಟು, ರಸ್ತೆ ನುಣುಪು. ಇವರ ಥರ ಗೋಡೆಗೆ ಒರಗಿದಂತೆ ನೆಟ್ಟಗೆ ಕೂತರೆ ಕೈ ಹಗುರ ಆಗುತ್ತದೆ ನಿಜ, ಭಾರವೆಲ್ಲ ಸೀಟಿಗೆ ಹೋಗಿ ಹಂಪಿನ ಏಟು ನೇರ ಬೆನ್ನುಮೂಳೆಗೆ ಬೀಳುತ್ತದೆ. ನಮ್ಮ ಕಡೆಗೆ ಸ್ವಲ್ಪವೇ ಮುಂದೆ ಬಾಗಿ ಕೂರುವುದು ವಾಸಿ. ಇಲ್ಲಿಯ ಸೈಕಲ್ಲಿನ ತೂಕವೂ 20 ಕೆಜಿ ಹತ್ತಿರ ಇರುತ್ತದೆ, ಮನೆ ಮೆಟ್ಟಿಲು ಹತ್ತಿಸಬೇಕಾದರೆ ಮರೆತುಬಿಡಿ. ಒಂದು ವಿಷಯಕ್ಕೆ ಮಾತ್ರ ಇವರನ್ನು ಮೆಚ್ಚಬೇಕು. ಇಲ್ಲಿ ಗೇರು ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಇರುತ್ತದೆ. ನಿಂತಲ್ಲೇ ಬದಲಿಸಬಹುದು, ಸಿಗ್ನಲ್ ಬರುವ ಮೊದಲೇ ಇಳಿಸಬೇಕು ಅನ್ನುವ ತಾಪತ್ರಯ ಇಲ್ಲ. ಭಾರತದಲ್ಲಿ ಅದು ಅಪರೂಪ, ಕಣ್ಣಿಗೆ ಬಿದ್ದರೆ ಬಿಡಬೇಡಿ.

ಜೆಲ್ ಕವರ್ ವಿಷಯಕ್ಕೆ: ತೀರ ಮೆತ್ತಗಿರುವ ಸೀಟು ಮೊದಲ ಹತ್ತು ನಿಮಿಷ ಸುಖ, ಆಮೇಲೆ ಮೂಳೆ ಒಳಗಿಳಿದು ಮಧ್ಯದ ಜೆಲ್ ಮೇಲೆದ್ದು ಒತ್ತುತ್ತದೆ. ಕೂರುವ ಮೂಳೆಗಳ ಅಗಲಕ್ಕೆ ಸರಿಯಾದ, ಸ್ವಲ್ಪ ಗಟ್ಟಿ ಸೀಟು ತಗೊಳ್ಳಿ.

ಒಳಪೆಡಲ್57

ಇಷ್ಟೆಲ್ಲ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ಅಳೆದೆ, 76 ಸೆಂಟಿಮೀಟರ್ ಬಂತು. ಅಂದರೆ ಸೀಟು ಸುಮಾರು 67. ಅಂಗಡಿಯಲ್ಲಿ ಹಾಗೆ ಇಡಿಸಿ ಕೂತರೆ ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು, ಮೊದಲು ಭಯ ಆಯಿತು, ತುಳಿಯಲು ಶುರು ಮಾಡಿದ ಮೇಲೆ ಮಂಡಿಗೆ ಹಗುರ ಅನ್ನಿಸಿದ್ದು ನಿಜ. ಬಾರ್ ಇಲ್ಲದ್ದನ್ನೂ ಓಡಿಸಿದೆ. ನನ್ನ ಹೆಂಡತಿ ನೋಡಿ ನಗಲಿಲ್ಲ, ತಾನೂ ಓಡಿಸಬಹುದು ಅಂತ ಲೆಕ್ಕ ಹಾಕಿದಳು.

ಬ್ಯಾಟರಿ ಸೈಕಲ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಮನೆಯಲ್ಲಿ ಇನ್ನೂ ಅದರ ಪರವಾಗಿ ವಾದ ನಡೆಯುತ್ತಿದೆ. ಲೈಸೆನ್ಸ್ ಬೇಕಾ?

ಸ್ಪ್ಯಾನರ್

250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿಗೆ ಮೋಟಾರ್ ನೆರವು ನಿಲ್ಲುವಂತಿದ್ದರೆ ಲೈಸೆನ್ಸೂ ಬೇಡ, ರಿಜಿಸ್ಟ್ರೇಷನ್ನೂ ಬೇಡ.

ಮಂಡಿಗೆ ಒಳ್ಳೆಯದೇ, ಆದರೆ ಯಾವ ಥರದ ಸೆನ್ಸರ್ ಅಂತ ಕೇಳಿ. ಕಡಿಮೆ ಬೆಲೆಯವುಗಳಲ್ಲಿ ಪೆಡಲ್ ತಿರುಗುತ್ತಿದೆಯಾ ಇಲ್ಲವಾ ಅನ್ನುವುದನ್ನಷ್ಟೇ ನೋಡುತ್ತದೆ, ತಿರುಗಿದರೆ ಮೋಟಾರ್ ಶುರು. ಹೊರಡುವಾಗ ಒಂದು ಸಣ್ಣ ಜಗ್ಗು ಇರುತ್ತದೆ, ಆದರೆ ಕಾಲು ಸುಮ್ನೆ ತಿರುಗಿಸಿದರೆ ಸಾಕು. ದುಬಾರಿಯವುಗಳಲ್ಲಿ ನೀವು ಎಷ್ಟು ಒತ್ತುತ್ತೀರೋ ಅದಕ್ಕೆ ತಕ್ಕಷ್ಟು ನೆರವು ಸಿಗುತ್ತದೆ, ಓಡಿಸಲು ತುಂಬಾ ಸಹಜ. ಎಲ್ಲರೂ ಎರಡನೆಯದೇ ಉತ್ತಮ ಅನ್ನುತ್ತಾರೆ. ಒತ್ತಲೇಬಾರದು ಅಂದಿರುವ ಮಂಡಿಗೆ ಮೊದಲನೆಯದೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ತೂಕ 20 ಕೆಜಿ ದಾಟುತ್ತದೆ, ಚಾರ್ಜ್ ಮುಗಿದ ದಿನ ಅದನ್ನು ತುಳಿದುಕೊಂಡು ಬರಬೇಕು, ವರ್ಷಗಳ ಮೇಲೆ ಬ್ಯಾಟರಿ ಬದಲಿಸುವ ಖರ್ಚು ಬೇರೆ. ನೀವು ಹೇಳಿದ ರಸ್ತೆಗಳಿಗೆ, ಏರು ಇಲ್ಲ ಅಂದಮೇಲೆ, ನಾನಾದರೆ ಸಾದಾ ಸೈಕಲ್ಲಿಗೆ 34ರ ಫ್ರೀವೀಲ್ ಹಾಕಿಸಿ ಉಳಿದ ದುಡ್ಡು ಹಿಡಿ, ಸೀಟು, ಟೈರಿಗೆ ಹಾಕುತ್ತಿದ್ದೆ.

ಕಡಲತಡಿ

ಹೆಂಡತಿಯೂ ಓಡಿಸುತ್ತಾರೆ ಅಂದರೆ ಬೇಗ ಬಿಚ್ಚುವ ಸೀಟ್ ಕ್ಲ್ಯಾಂಪ್ ಹಾಕಿಸಿ, ಸ್ಪ್ಯಾನರ್ ಬೇಡ. ನಿಮ್ಮ ಎತ್ತರಕ್ಕೆ ಸೀಟ್ ಕಂಬದ ಮೇಲೆ ಟೇಪಿನಲ್ಲಿ ಒಂದು ಗುರುತು ಇಟ್ಟುಕೊಳ್ಳಿ. ಹ್ಯಾಂಡಲ್ ಎತ್ತರಿಸುವುದು, ಹಿಡಿ ಬದಲಿಸುವುದು, ಗೇರ್ ಲಿವರ್ ಬದಲಿಸುವುದು, ಎಲ್ಲವನ್ನೂ ದುಡ್ಡು ಕೊಡುವ ಮೊದಲೇ ಮಾತಾಡಿ. ಕೊಟ್ಟ ಮೇಲೆ ಯಾವ ಅಂಗಡಿಯವರಿಗೂ ಪುರುಸೊತ್ತು ಇರುವುದಿಲ್ಲ. ಮಂಡಿ ಊದಿದ ದಿನ ಮಾತ್ರ ಸೈಕಲ್ ಮುಟ್ಟಬೇಡಿ, ನಮ್ಮ ಫಿಸಿಯೋ ಖಡಾಖಂಡಿತವಾಗಿ ಹೇಳಿದ್ದು ಅದೊಂದೇ.