‘ಛಾಯಾಗ್ರಹಣ’ವೋ ‘ಅರೆನೆರಳಿನ ಗ್ರಹಣ’ವೋ?

ಬಳಗದ ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಗ್ರಹಣಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ಚಂದ್ರ ಭೂಮಿಯ ದಟ್ಟ ನೆರಳನ್ನು ಮುಟ್ಟದೆ, ಅದರ ಸುತ್ತ ಹರಡಿರುವ ತೆಳು ನೆರಳಿನೊಳಗಷ್ಟೇ ಹಾದುಹೋಗುವುದುಂಟು. 2020ರಲ್ಲಿ ಇಂಥವು ಜನವರಿ, ಜೂನ್, ಜುಲೈ, ನವೆಂಬರ್ ಎಂದು ನಾಲ್ಕು ಸಲ ಬಂದವು. 2023ರ ಮೇ 5ರ ರಾತ್ರಿ ಇನ್ನೊಂದು. ಆಗೆಲ್ಲ ಸುದ್ದಿಗಳಲ್ಲಿ ‘ಛಾಯಾ ಚಂದ್ರಗ್ರಹಣ’ ಎಂದರು, ‘ಛಾಯಾಗ್ರಹಣ’ ಎಂದೂ ಬರೆದರು, ಯಾವುದೂ ಬೇಡವೆಂದವರು ‘ಪೆನಂಬ್ರಲ್ ಗ್ರಹಣ’ ಎಂದೇ ಬಿಟ್ಟರು. ಇವುಗಳಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು?

‘ಛಾಯಾಗ್ರಹಣ’ ಎಂದರೆ ಕ್ಯಾಮರಾ ಕೆಲಸ ಎಂಬ ತಕರಾರು ಮೊದಲು ಬರುತ್ತದೆ. ಅದು ಸಣ್ಣದು, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ನನ್ನ ತಕರಾರು ‘ಛಾಯಾ’ ಎಂಬ ವಿಶೇಷಣದ ಮೇಲೆಯೇ. ಆರ್ಯಭಟ 499ರಲ್ಲಿ ರಚಿಸಿದ ಆರ್ಯಭಟೀಯದ ಗೋಲಪಾದದಲ್ಲಿ ಎರಡೂ ಗ್ರಹಣಗಳನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ: ‘ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ’. ಸೂರ್ಯನನ್ನು ಚಂದ್ರ ಮುಚ್ಚುತ್ತಾನೆ, ಚಂದ್ರನನ್ನು ಭೂಮಿಯ ದೊಡ್ಡ ನೆರಳು ಮುಚ್ಚುತ್ತದೆ. ಇಲ್ಲಿ ಭೂಚ್ಛಾಯೆ ಎಂದರೆ ದಟ್ಟ ನೆರಳೇ. ಹೀಗಿರುವಾಗ ಎಲ್ಲ ಚಂದ್ರಗ್ರಹಣವೂ ಛಾಯೆಯಿಂದಲೇ ಆಗುವಂಥದ್ದು. ನಿಜವಾದ ಛಾಯೆಯನ್ನು ತಪ್ಪಿಸಿಕೊಂಡು ಹೋದ ಒಂದು ಗ್ರಹಣಕ್ಕೆ ಮಾತ್ರ ‘ಛಾಯಾ’ ಎಂದು ಹೆಸರಿಟ್ಟರೆ ಪದ ತಿರುಗುಮುರುಗಾಯಿತು.

ಎರಡು ನೆರಳು ಹೇಗೆ ಹುಟ್ಟುತ್ತವೆ ಎಂಬುದನ್ನು ನೆನೆದರೆ ಪದ ಆರಿಸುವುದು ಸುಲಭವಾದೀತು. ಸೂರ್ಯ ಒಂದು ಚುಕ್ಕಿಯಲ್ಲ, ಅಗಲವಾದ ಬಿಂಬ. ಟ್ಯೂಬ್‌ಲೈಟಿನ ಕೆಳಗೆ ಕೈ ಚಾಚಿದರೆ ನೆರಳಿನ ನಡುಭಾಗ ಕಪ್ಪಗಿದ್ದು ಅಂಚು ಮಸುಕಾಗುವುದಿಲ್ಲವೇ, ಕಾರಣ ಅದೇ. ಸೂರ್ಯನ ಬೆಳಕು ಪೂರ್ತಿ ತಪ್ಪಿದ ಜಾಗ ಭೂಮಿಯ ಹಿಂದೆ ಶಂಕುವಿನಂತೆ ಕಿರಿದಾಗುತ್ತ ಸುಮಾರು 14 ಲಕ್ಷ ಕಿ.ಮೀ. ಚಾಚಿಕೊಂಡಿರುತ್ತದೆ. ಚಂದ್ರನ ದೂರದಲ್ಲಿ ಅದರ ಅಗಲ ಸುಮಾರು 9,000 ಕಿ.ಮೀ., ಚಂದ್ರನ ಅಗಲದ ಎರಡೂವರೆ ಪಟ್ಟಿಗೂ ಮೇಲೆ. ಅದರ ಸುತ್ತ, ಬೆಳಕು ಸ್ವಲ್ಪ ಮಾತ್ರ ತಪ್ಪಿದ ಜಾಗ. ಇದು ಮುಂದೆ ಮುಂದೆ ಹೋದಂತೆ ಅಗಲವಾಗುತ್ತದೆ, ಚಂದ್ರನ ಹತ್ತಿರ ಸುಮಾರು 16,000 ಕಿ.ಮೀ. ಚಂದ್ರನ ಮೇಲೆ ನಿಂತು ನೋಡುವವರಿದ್ದರೆ, ದಟ್ಟ ನೆರಳಿನಲ್ಲಿ ಅವರಿಗೆ ಸೂರ್ಯ ಕಾಣುವುದೇ ಇಲ್ಲ. ತೆಳು ನೆರಳಿನಲ್ಲಿ ಭೂಮಿ ಕಚ್ಚಿ ಉಳಿಸಿದ ಸೂರ್ಯನ ತುಣುಕು ಕಾಣುತ್ತದೆ.

2023ರ ಮೇ 5ರಂದು ಹತ್ತೂಮುಕ್ಕಾಲರ ಹೊತ್ತಿಗೆ ಬೈನಾಕ್ಯುಲರ್ ಹಿಡಿದು ನೋಡಿದೆ. ಬಿಂಬ ದುಂಡಗೇ ಇತ್ತು. ಒಂದು ಮಗ್ಗುಲು ಮಾತ್ರ ಬೂದು ತಿರುಗಿತ್ತು. ಆ ಬೂದು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವಂತಿರಲಿಲ್ಲ. ಗ್ರಹಣವೆಂದು ಮೊದಲೇ ಗೊತ್ತಿಲ್ಲದಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. 2025ರ ಸೆಪ್ಟೆಂಬರ್ 7ರದ್ದು ಹಾಗಲ್ಲ. ಹತ್ತು ಗಂಟೆಗೆ ಸ್ವಲ್ಪ ಮುಂಚೆ ಅಂಚಿನಲ್ಲಿ ಕಪ್ಪು ಕಚ್ಚು ಬಿತ್ತು, ಹನ್ನೊಂದರ ಮೇಲೆ 82 ನಿಮಿಷ ಇಡೀ ಚಂದ್ರ ತಾಮ್ರದ ಬಣ್ಣದಲ್ಲಿತ್ತು. ನಮ್ಮ ವಾತಾವರಣದ ಮೂಲಕ ಬಾಗಿ ಹೋದ ಕೆಂಪು ಬೆಳಕು ದಟ್ಟ ನೆರಳಿನೊಳಗೂ ಇಷ್ಟಿಷ್ಟು ಸೇರಿಕೊಳ್ಳುವುದರಿಂದ ಹಾಗೆ. ಗ್ರಹಣಕ್ಕೆ ‘ಉಪರಾಗ’ ಎಂಬ ಹಳೆಯ ಪದ ಇದೆಯಲ್ಲ, ಅದರೊಳಗಿನ ‘ರಾಗ’ ಬಣ್ಣವೇ. ಅಂದಿನ ಚಂದ್ರನನ್ನು ನೋಡಿದವರಿಗೆ ಆ ಪದ ಬಿಡಿಸಿ ಹೇಳಬೇಕಿಲ್ಲ. ‘ತೆಳು ಗ್ರಹಣಕ್ಕೇ ಉಪರಾಗ ಎಂದರೆ ಹೇಗೆ?’ ಎಂದು ಗೆಳೆಯರೊಬ್ಬರು ಕೇಳಿದರು. ನನಗೆ ಒಪ್ಪಿಗೆಯಿಲ್ಲ. ಎಲ್ಲ ಗ್ರಹಣಗಳಿಗೂ ಸಲ್ಲುತ್ತಿದ್ದ ಪದವನ್ನು ಒಂದಕ್ಕೆ ಕಟ್ಟಿಹಾಕುವುದು ಸರಿಯಲ್ಲ.

ಪಂಚಾಂಗದ ಕಡೆಯಿಂದಲೂ ನೋಡಿದೆ. ಅಲ್ಲಿ ಲೆಕ್ಕ ಶುರುವಾಗುವುದು ‘ಸ್ಪರ್ಶ’ದಿಂದ, ಮುಗಿಯುವುದು ‘ಮೋಕ್ಷ’ದಲ್ಲಿ. ಮುಟ್ಟುವುದು ದಟ್ಟ ನೆರಳನ್ನು. ತೆಳು ನೆರಳಿನ ಗ್ರಹಣದಲ್ಲಿ ಮುಟ್ಟುವುದೇ ಇಲ್ಲವಾದ್ದರಿಂದ ಅದಕ್ಕೆ ಆಚರಣೆಯೂ ಇಲ್ಲ, ಹಳೆಯ ಹೆಸರೂ ನನ್ನ ಕಣ್ಣಿಗೆ ಬಿದ್ದಿಲ್ಲ. ಪೂರ್ಣಗ್ರಹಣಕ್ಕೆ ‘ಖಗ್ರಾಸ’ದಂಥ ಸೊಗಸಾದ ಪದ ಕಟ್ಟಿದವರು ಇದನ್ನು ಗ್ರಹಣವೆಂದೇ ಎಣಿಸಲಿಲ್ಲ. ಬಿಂಬವನ್ನೆಲ್ಲ ನುಂಗಿಯೂ ನೆರಳು ಮಿಕ್ಕರೆ ಅದು ಆಚೆಗಿನ ‘ಖ’, ಅಂದರೆ ಆಕಾಶವನ್ನೂ ನುಂಗಿದ ಹಾಗೆ ಎಂದು ನಾನು ಆ ಪದವನ್ನು ಓದಿಕೊಳ್ಳುತ್ತೇನೆ. ಸೆಪ್ಟೆಂಬರ್ 7ರ ಗ್ರಹಣದ ಪ್ರಮಾಣ, ಅಂದರೆ ಚಂದ್ರನ ಅಗಲಕ್ಕೆ ಹೋಲಿಸಿ ನೆರಳು ಎಷ್ಟು ನುಂಗಿತು ಎಂಬ ಅಳತೆ, 1.36 ಎಂದು ಕೊಟ್ಟಿದ್ದರು. ಒಂದಕ್ಕಿಂತ ಹೆಚ್ಚು ಹೇಗಾಯಿತು ಎಂದು ಕೇಳುವ ಮಕ್ಕಳಿಗೆ ಉತ್ತರ ಆ ಪದದಲ್ಲೇ ಇದೆ.

ಈಗ ಆಯ್ಕೆಗಳು. ಹಿಂದಿಯವರು ‘ಉಪಚ್ಛಾಯಾ’ ಎನ್ನುತ್ತಾರೆ, ಮರಾಠಿಯಲ್ಲಿ ‘ಛಾಯಾಕಲ್ಪ’. ಎರಡೂ ಕೆಟ್ಟ ಪದಗಳಲ್ಲ, ಆದರೆ ಎಂಟನೆಯ ತರಗತಿಯ ಹುಡುಗಿಗೆ ಎರಡನ್ನೂ ಬಿಡಿಸಿ ಹೇಳಬೇಕು. ‘ಪಾರ್ಶ್ವಛಾಯೆ’ ಎಂದರೆ ಪಾರ್ಶ್ವಗ್ರಹಣದ ಜೊತೆ ಗೊಂದಲ. ನನ್ನ ಮತ ‘ಅರೆನೆರಳು’, ‘ಅರೆನೆರಳಿನ ಗ್ರಹಣ’. ‘ಅರೆ’ ಎಂದರೆ ಅರ್ಧ, ಜನ ಅರ್ಧ ಮುಚ್ಚಿದ ಗ್ರಹಣ ಎಂದುಕೊಳ್ಳುತ್ತಾರೆ ಎಂಬ ಆಕ್ಷೇಪ ಬರುವುದು ಗೊತ್ತು. ಆದರೆ ಅರೆನಿದ್ದೆ, ಅರೆಮನಸ್ಸು, ಅರೆಬೆಂದ ಅನ್ನ ಎನ್ನುವಾಗ ಅಳೆದು ಅರ್ಧ ಎಂದು ಯಾರೂ ತಿಳಿಯುವುದಿಲ್ಲ. ಪೂರ್ತಿಯಾಗದ್ದು ಎಂದಷ್ಟೇ. ಪೂರ್ತಿಯಾಗದ ನೆರಳು ಎಂಬುದೇ ನಮಗೆ ಬೇಕಾದ ಅರ್ಥ.

ಈ ಪದ ಸೂರ್ಯಗ್ರಹಣಕ್ಕೂ ದುಡಿಯುತ್ತದೆ ಎಂಬುದು ನನಗೆ ಇನ್ನೂ ಮುಖ್ಯ. 1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ದಟ್ಟ ನೆರಳು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಮೇಲೆ ಓಡಿತು. ಅಲ್ಲಿ ಖಗ್ರಾಸ. ಬೆಂಗಳೂರು ಅರೆನೆರಳಿನಲ್ಲಿತ್ತು, ಆದ್ದರಿಂದ ಪಾರ್ಶ್ವ. ಒಂದೇ ದಿನ, ಒಂದೇ ಚಂದ್ರ, ಊರು ಮಾತ್ರ ಬೇರೆ. ಸೂರ್ಯಗ್ರಹಣದಲ್ಲಿ ನೆರಳಿಗೆ ಸಿಕ್ಕಿದ್ದು ಸೂರ್ಯನಲ್ಲ, ನಾವು. ಊರಿಂದೂರಿಗೆ ಗ್ರಹಣ ಬದಲಾಗುವುದು ಅದಕ್ಕೇ. ಚಂದ್ರಗ್ರಹಣದಲ್ಲಿ ಚಂದ್ರನ ಬೆಳಕೇ ಕಡಿಮೆಯಾಗುವುದರಿಂದ ಅದು ಕಾಣುವ ಊರುಗಳಿಗೆಲ್ಲ ಒಂದೇ ಬಗೆ. ಖಗೋಳ ಗಣಿತದ ಹಳೆಯ ಸಿದ್ಧಾಂತ ಗ್ರಂಥಗಳಲ್ಲಿ, ನೋಡುವ ಊರು ಬದಲಾದಂತೆ ಚಂದ್ರ ಸರಿದಂತೆ ಕಾಣುವುದಕ್ಕೆ ಮಾಡುವ ‘ಲಂಬನ’, ‘ನತಿ’ ಎಂಬ ತಿದ್ದುಪಡಿಗಳು ಸೂರ್ಯಗ್ರಹಣದ ಲೆಕ್ಕಕ್ಕೆ ಮಾತ್ರ ಬರುವುದೂ ಇದೇ ಕಾರಣಕ್ಕೆ.

ಇನ್ನೊಂದು ಪದಕ್ಕಂತೂ ನನ್ನಲ್ಲಿ ಉತ್ತರವಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಮಡಿಕೇರಿಗಳಲ್ಲಿ ಕಂಕಣ ಕಂಡಿತು. ಆ ದಿನ ಚಂದ್ರ ದೂರದಲ್ಲಿದ್ದುದರಿಂದ ದಟ್ಟ ನೆರಳಿನ ಮೊನೆ ನೆಲಕ್ಕೆ ಮುಟ್ಟಲಿಲ್ಲ. ಮೊನೆಯಿಂದಾಚೆ ಮತ್ತೆ ಅಗಲವಾಗುವ ಒಂದು ಮಸುಕು ನೆರಳಿನಲ್ಲಿ ಆ ಊರುಗಳು ನಿಂತಿದ್ದವು. ಇಂಗ್ಲಿಷಿನಲ್ಲಿ ಅದು ಆಂಟಂಬ್ರ. ‘ಆಚೆನೆರಳು’, ‘ಇದಿರುನೆರಳು’ ಎಂದು ಬರೆದು ಹೊಡೆದುಹಾಕಿದ್ದೇನೆ. ಸಂಸ್ಕೃತ ಬಲ್ಲವರು, ಪಂಚಾಂಗ ಗಣಿತ ಬಲ್ಲವರು ದಯವಿಟ್ಟು ಸೂಚಿಸಿ.

ಹಾಗೆಯೇ, ಗ್ರಹಣ ‘ಹಿಡಿಯಿತು’, ‘ಬಿಟ್ಟಿತು’ ಎಂಬುದನ್ನು ಬಿಟ್ಟು ನಿಮ್ಮ ಸೀಮೆಯ ಆಡುಮಾತಿನಲ್ಲಿ ಬೇರೆ ಹೇಳಿಕೆ ಇದ್ದರೆ, ಯಾವ ತಾಲ್ಲೂಕಿನದು ಎಂದು ಸೇರಿಸಿ ಬರೆಯಿರಿ. ಮುಂದಿನ ಅರೆನೆರಳಿನ ಗ್ರಹಣಗಳಲ್ಲಿ ಒಂದು 2027ರ ಫೆಬ್ರವರಿ 21ರ ಬೆಳಗಿನ ಜಾವ ನಮಗೆ ಕಾಣಲಿದೆ. ಅಷ್ಟರೊಳಗೆ ಹೊತ್ತಗೆ ಮಕ್ಕಳ ಕೈ ಸೇರಬೇಕೆಂದಿದ್ದೇನೆ.